ಸಂಗ್ರಹವೂ ದಾಸೋಹವೂ

ನಮ್ಮ ಲಕಮನಹಳ್ಳಿಯ ಮಕ್ಕಳು ಪೊಕೆಮಾನ್ ಎಂಬ ಆಟದ ಪ್ರಾಣಿಗಳ ಬಲಾಬಲವನ್ನು ಚರ್ಚಿಸುವುದನ್ನು ನಾವು ಆಗಾಗ ಕೇಳುತ್ತೇವೆ. ಹಿರಿಯರು ಇದನ್ನು ಕಾಲಹರಣವೆಂದು ಗದರಿಸುವುದುಂಟು. ಆದರೆ ಆಟದ ಮೂಲವನ್ನು ಅರಿಯುವುದು ಒಳಿತು.

ಜಪಾನಿನ ಸತೋಶಿ ತಜಿರಿಯವರು ಬಾಲ್ಯದಲ್ಲಿ ಕೀಟಗಳನ್ನು ಹಿಡಿದು ಕೂಡಿಡುತ್ತಿದ್ದರು. ಆ ಆನಂದವೇ 1996ರಲ್ಲಿ ಆಟವಾಯಿತು. ಕೆಂಪು, ಹಸಿರು ಎಂದು ಎರಡು ಆವೃತ್ತಿಗಳು. ಒಂದರಲ್ಲಿ ಸಿಗುವ ಕೆಲವು ಪ್ರಾಣಿಗಳು ಮತ್ತೊಂದರಲ್ಲಿ ಸಿಗವು. ಎರಡು ಯಂತ್ರಗಳನ್ನು ತಂತಿಯಿಂದ ಜೋಡಿಸಿ, ಗೆಳೆಯನೊಡನೆ ಕೊಟ್ಟು ಕೊಂಡಾಗಲೇ ಸಂಗ್ರಹ ಪೂರ್ಣವಾಗುತ್ತಿತ್ತು.

ಇದು ವಿನಿಮಯ, ದಾಸೋಹ ಇದಕ್ಕಿಂತ ಮಿಗಿಲು. ಶರಣರು ಕಾಯಕದ ಫಲವನ್ನು ಪ್ರತಿಫಲ ಬಯಸದೆ ಜಂಗಮಕ್ಕೆ, ಸಮಾಜಕ್ಕೆ ಸಲ್ಲಿಸಿದರು. ಆದುದರಿಂದ ತಂದೆತಾಯಿಗಳು ಮಗುವಿನ ಆಟವನ್ನು ಕಸಿಯುವ ಮುನ್ನ "ಇಂದು ಯಾರಿಗೆ ಏನು ಕೊಟ್ಟೆ, ಕಂದಾ?" ಎಂದು ಕೇಳಲಿ. ದಾಸೋಹದ ಪಾಠ ಅಲ್ಲಿಂದಲೇ ಮೊದಲಾಗಲಿ.