ಚೆಕ್ ಮಾಡೋನೇ ಮಾತು ಕೇಳಿದ್ರೆ? (ಭಾಗ 4)

ಫೈಲ್‌ಗೆ ಹೆಸರಿಡೋವಾಗ ಎಷ್ಟು ಯೋಚಿಸ್ತೀರಾ? "ನೋಟ್ಸ್ ಫೈನಲ್ 2", ಅಷ್ಟೇ ಅಲ್ವಾ?

ಬರಾಕುಡಾ ಕಂಪನಿಯ ಒಂದು ಡಿವೈಸ್ ಇದೆ. ಆಫೀಸಿಗೆ ಬರೋ ಇಮೇಲ್‌ಗಳ ಅಟ್ಯಾಚ್‌ಮೆಂಟ್ ಬಿಚ್ಚಿ, ವೈರಸ್ ಇದೆಯಾ ಅಂತ ನೋಡೋದು ಅದರ ಕೆಲಸ. ಹ್ಯಾಕರ್‌ಗಳು ಜಿಪ್ ತರದ್ದೇ ಆದ ಟಾರ್ ಫೈಲ್ ಕಳಿಸಿದರು. ಒಳಗಿನ ಫೈಲ್‌ಗಳ ಹೆಸರಲ್ಲೇ ಕಮಾಂಡ್ ಬರೆದಿದ್ದರು. ಡಿವೈಸ್ ಆ ಹೆಸರನ್ನ ಬರೀ ಓದೋ ಬದಲು, ಅದು ಹೇಳಿದಂಗೆ ಮಾಡ್ತು! ಇದೇ ಕಮಾಂಡ್ ಇಂಜೆಕ್ಷನ್. ಯಾರೂ ಏನನ್ನೂ ಕ್ಲಿಕ್ ಮಾಡಬೇಕಿರಲಿಲ್ಲ.

2022ರ ಅಕ್ಟೋಬರ್‌ನಿಂದ ನಡೀತಿದ್ದದ್ದು ಗೊತ್ತಾಗಿದ್ದು 2023ರ ಮೇನಲ್ಲಿ. ಪ್ಯಾಚ್ ಬಂತು, ಆದ್ರೂ ಹ್ಯಾಕ್ ಆದ ಡಿವೈಸನ್ನೇ ಬದಲಾಯಿಸಿ ಅಂತ ಜೂನ್‌ನಲ್ಲಿ ಕಂಪನಿಯೇ ಹೇಳ್ತು.

ಆಡಿಟಿಂಗ್ ಓದೋ ನಮಗೂ ಇದೇ ಪಾಠ: ವೋಚರ್ ಇರೋದು ಪರೀಕ್ಷಿಸೋಕೆ, ಅದರ ಮಾತು ಕೇಳೋಕಲ್ಲ.