ಪಥ್ಯ, ಪರ್ಹೇಜ್ ಮತ್ತು ಎರಡು ಮೊಟ್ಟೆ

ನಮ್ಮ ರಾಯಚೂರು ಕಡೆ ಕಾಯಿಲೆಯವರನ್ನು ನೋಡಲು ಯಾರೂ ಬರಿಗೈಲಿ ಹೋಗುವುದಿಲ್ಲ. ಒಂದು ಕೈಯಲ್ಲಿ ಮೋಸಂಬಿ ಇದ್ದರೆ ಇನ್ನೊಂದರಲ್ಲಿ ಸಲಹೆ ಇರುತ್ತದೆ. ಮೋಸಂಬಿಯನ್ನು ಮನೆಮಂದಿ ಹಂಚಿಕೊಂಡು ತಿನ್ನಬಹುದು, ಸಲಹೆಯನ್ನು ಮಾತ್ರ ರೋಗಿಯೊಬ್ಬಳೇ ನುಂಗಬೇಕು. 2022ರಲ್ಲಿ ನಮ್ಮ ಆಪಾ ಸ್ತನ ಕ್ಯಾನ್ಸರಿಗೆ ಕಿಮೊಥೆರಪಿ ತೆಗೆದುಕೊಂಡ ಆರು ತಿಂಗಳು ನಮ್ಮ ಮನೆಗೆ ಬಂದ ಸಲಹೆಗಳನ್ನೆಲ್ಲ ಕೂಡಿಸಿ ಪಾಲಿಸಿದ್ದರೆ ಆಕೆ ಗಂಜಿ ಕುಡಿದು ಗಾಳಿ ತಿಂದು ಬದುಕಬೇಕಿತ್ತು.

ಉರ್ದು ಶಾಲೆಯಲ್ಲಿ ಅಕ್ಷರ ಕಲಿತ ನಾವು ಇದಕ್ಕೆ ‘ಪರ್ಹೇಜ್’ ಎನ್ನುತ್ತಿದ್ದೆವು. ಕನ್ನಡ ಶಾಲೆಗೆ ಹೋದ ಮೇಲೆ ‘ಪಥ್ಯ’ ಎಂಬ ಶಬ್ದ ಸಿಕ್ಕಿತು. ನಿಜಕ್ಕೂ ಎರಡೂ ಒಂದೇ ಅಲ್ಲ. ಪರ್ಹೇಜ್ ಅಂದರೆ ದೂರ ಇರುವುದು. ಪಥ್ಯ ಅಂದರೆ ಹಿತವಾದದ್ದು, ಮೈಗೆ ಒಗ್ಗುವಂಥದ್ದು. ಆದರೆ ನಮ್ಮ ಬಾಯಲ್ಲಿ ಪಥ್ಯವೂ ‘ತಿನ್ನಬಾರದು’ ಎಂಬ ಅರ್ಥಕ್ಕೇ ಬಂದು ನಿಂತಿದೆ. ಇವೆರಡರ ಮೇಲೆ ‘ನಂಜು’ ಬೇರೆ. ಬದನೆಕಾಯಿ ನಂಜು, ಶೇಂಗಾ ನಂಜು, ಮೊಟ್ಟೆ ನಂಜು, ಮಾಂಸವಂತೂ ಮಹಾ ನಂಜು. ಹೊಲಿಗೆ ಹಾಕಿದ ಮೈಯಲ್ಲಿ ಇವು ಕೀವು ತುಂಬುತ್ತವೆ ಎಂದು ಜಾತಿ ಮತದ ಭೇದವಿಲ್ಲದೆ ಎಲ್ಲರೂ ನಂಬುತ್ತಾರೆ. ಈ ಒಂದು ವಿಷಯದಲ್ಲಿ ನಮ್ಮ ಓಣಿಯ ಸೌಹಾರ್ದ ಮೆಚ್ಚತಕ್ಕದ್ದು!

ಆಪಾಳ ಗಂಡನ ಮನೆ ದೇವದುರ್ಗ. ಅಮ್ಮಿ ಇರುವುದು ಮಾನ್ವಿಯಲ್ಲಿ, ನಾವು ರಾಯಚೂರು ನಗರದಲ್ಲಿ. ಚಿಕಿತ್ಸೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ, 21 ದಿನಕ್ಕೊಂದು ಸುತ್ತು, ಒಟ್ಟು ಎಂಟು. ಪ್ರತಿ ಸಲವೂ ರೈಲಿನಲ್ಲಿ ಹೋಗಿ ಬಂದು ಆಪಾ ದೇವದುರ್ಗದಲ್ಲಿ ಮಲಗುತ್ತಿದ್ದಳು. ಅಲ್ಲಿ ಆಕೆಯ ಅತ್ತೆ ತಮ್ಮ ಕೈಯಾರೆ ಸಾಬೂದಾನಿ ಗಂಜಿ, ಬೇಳೆಕಟ್ಟು, ಮೆತ್ತನೆಯ ಅನ್ನ ಮಾಡಿ ಕೊಡುತ್ತಿದ್ದರು. ಸೊಸೆಯ ಮೇಲಿನ ಪ್ರೀತಿಯಿಂದಲೇ ಮೊಟ್ಟೆ, ಮಾಂಸ, ಬೆಲ್ಲ ಮೂರನ್ನೂ ಮನೆಯಿಂದ ಹೊರಗಿಟ್ಟಿದ್ದರು. ಸಕ್ಕರೆ ತಿಂದರೆ ಗಡ್ಡೆಗೆ ಊಟ ಹಾಕಿದಂತೆ ಎಂದು ಅವರಿಗೆ ಯಾರೋ ಹೇಳಿದ್ದರು. ಮಾನ್ವಿಯಲ್ಲಿ ಇದಕ್ಕೆ ತದ್ವಿರುದ್ಧ. ಅಮ್ಮಿ ತುಪ್ಪದ ಪರಾಠಾ, ಪಾಯಾ ಶೋರ್ಬಾ ಮುಂದಿಟ್ಟು “ದೋ ನಿವಾಲೇ ಖಾಲೇ ಬೇಟೀ” ಎಂದು ಕಣ್ಣೀರು ಹಾಕುವರು. ಮಸಾಲೆಯ ವಾಸನೆಗೇ ಆಪಾಳಿಗೆ ವಾಂತಿ.

ಮೊದಲ ಸುತ್ತಿಗೆ ಆಪಾ 54 ಕೆ.ಜಿ. ಇದ್ದಳು. ಏಪ್ರಿಲ್ ಎರಡನೆಯ ವಾರ ಮೂರನೆಯ ಸುತ್ತಿಗೆ ಹೋದಾಗ ತಕ್ಕಡಿಯ ಮುಳ್ಳು 48ಕ್ಕೆ ನಿಂತಿತು. ಬಿಳಿ ರಕ್ತಕಣಗಳೂ ಕಡಿಮೆ ಇದ್ದವು. ವೈದ್ಯರು ಒಂದು ವಾರ ಮುಂದೂಡಿದರು. ಪ್ರತಿ ಸಲ ತೂಕ ನೋಡುವುದು ಬರೀ ದಾಖಲೆಗಾಗಿ ಅಲ್ಲ ಎಂಬುದು ನಮಗೆ ತಿಳಿದದ್ದು ಆಗಲೇ. ಎತ್ತರ ಮತ್ತು ತೂಕದಿಂದ ಮೈಯ ಹೊರಮೈ ಎಷ್ಟು ಚದರ ಮೀಟರ್ ಎಂದು ಲೆಕ್ಕ ಹಾಕಿ ಔಷಧದ ಪ್ರಮಾಣ ಗೊತ್ತು ಮಾಡುತ್ತಾರೆ. ತೂಕ ಇಳಿದರೆ ಲೆಕ್ಕ ಬದಲಾಗುತ್ತದೆ. ಸ್ನಾಯು ಕರಗಿದ ಮೈ ಔಷಧದ ಪೆಟ್ಟನ್ನು ತಾಳುವುದೂ ಇಲ್ಲ.

ಅಂದು ಆಹಾರ ತಜ್ಞೆಯೊಬ್ಬರು ಕಾಗದದ ಮೇಲೆ ಬರೆದುಕೊಟ್ಟ ಲೆಕ್ಕ ನಮಗಿನ್ನೂ ಬಾಯಿಪಾಠ. ದಿನಕ್ಕೆ ಒಂದು ಕೆ.ಜಿ. ತೂಕಕ್ಕೆ ಒಂದರಿಂದ ಒಂದೂವರೆ ಗ್ರಾಂ ಪ್ರೋಟೀನು ಬೇಕು. 48 ಕೆ.ಜಿ.ಯ ಆಪಾಳಿಗೆ 48ರಿಂದ 72 ಗ್ರಾಂ. ಎರಡು ಮೊಟ್ಟೆಯಿಂದ 12 ಗ್ರಾಂ, ಅರ್ಧ ಲೀಟರ್ ಹಾಲು ಮೊಸರಿನಿಂದ 16, ಒಂದು ಹಿಡಿ ಶೇಂಗಾದಿಂದ, ಅಂದರೆ 50 ಗ್ರಾಮಿನಿಂದ, 12, ಬಟ್ಟಲು ಗಟ್ಟಿ ಬೇಳೆಯಿಂದ 7. ಸಾಬೂದಾನಿಯಿಂದ ಹೆಚ್ಚುಕಡಿಮೆ ಸೊನ್ನೆ. ದೇವದುರ್ಗದ ಮನೆಯಲ್ಲಿ ನಂಜೆಂದು ಹೊರಗಿಟ್ಟದ್ದೇ ಗಾಯ ಮಾಯಲು ಬೇಕಾದದ್ದಾಗಿತ್ತು. ಇನ್ನು ಸಕ್ಕರೆಯ ಮಾತು. ಮೈಯ ಎಲ್ಲ ಕಣಗಳೂ ಸಕ್ಕರೆಯಿಂದಲೇ ಬದುಕುತ್ತವೆ. ಚಹಾದ ಬೆಲ್ಲ ಬಿಟ್ಟರೆ ಗಡ್ಡೆ ಉಪವಾಸ ಬೀಳುವುದಿಲ್ಲ, ಮನುಷ್ಯ ಬೀಳುತ್ತಾನೆ.

ಮೊಟ್ಟೆಯ ಮಾತು ಬಂತೆಂದು ಹೇಳುತ್ತೇವೆ. 2021ರ ಡಿಸೆಂಬರಿನಲ್ಲಿ ರಾಜ್ಯ ಸರ್ಕಾರ ಮೊದಲು ಮೊಟ್ಟೆ ಕೊಡಲು ಶುರು ಮಾಡಿದ್ದು ರಾಯಚೂರು, ಯಾದಗಿರಿ, ಕಲಬುರಗಿಯಂಥ ಜಿಲ್ಲೆಗಳ ಶಾಲಾ ಮಕ್ಕಳಿಗೆ. ಅಪೌಷ್ಟಿಕತೆ ಮತ್ತು ರಕ್ತಹೀನತೆ ಇಲ್ಲಿ ಹೆಚ್ಚು ಎಂಬುದೇ ಅದಕ್ಕೆ ಕಾರಣ. ಆ ಮಕ್ಕಳ ತಾಯಂದಿರಿಗೇ ನಾಳೆ ಕ್ಯಾನ್ಸರ್ ಬಂದರೆ? ಮೊದಲೇ ರಕ್ತವಿಲ್ಲದ ಮೈಗೆ ನಾವು ಪಥ್ಯ ಹೇರುತ್ತೇವೆ.

ಲೆಕ್ಕ ಬರೆಯುವುದು ಸುಲಭ, ತಿನ್ನಿಸುವುದು ಕಷ್ಟ. ಆಪಾಳಿಗೆ ಎಲ್ಲವೂ ತುಕ್ಕು ನೆಕ್ಕಿದ ಹಾಗೆ ಲಾಗುತ್ತಿತ್ತು. ಸ್ಟೀಲಿನ ಚಮಚ ಬಿಟ್ಟು ಪ್ಲಾಸ್ಟಿಕ್ ಚಮಚ ಹಿಡಿದ ಮೇಲೆ ಸ್ವಲ್ಪ ವಾಸಿ. ಬಾಯಿ ಹುಣ್ಣಾದಾಗ ಖಡಕ್ ಜೋಳದ ರೊಟ್ಟಿ ದೂರದ ಮಾತು. ಜೋಳದ ನುಚ್ಚಿಗೆ ಮೊಸರು ಕಲಸಿ, ಖಾರವಿಲ್ಲದ ಶೇಂಗಾ ಹಿಂಡಿ ನುಣ್ಣಗೆ ಮಾಡಿ ಕೊಟ್ಟೆವು. ಉಪ್ಪು, ಅಡುಗೆ ಸೋಡಾ ಹಾಕಿದ ನೀರಿನಿಂದ ದಿನಕ್ಕೆ ನಾಲ್ಕಾರು ಸಲ ಬಾಯಿ ಮುಕ್ಕಳಿಸುತ್ತಿದ್ದಳು. ಬಿಸಿ ಅಡುಗೆಯ ವಾಸನೆ ಎದ್ದು ಬಡಿಯುತ್ತದೆ, ಆರಿದ್ದಕ್ಕೆ ಅಷ್ಟಿಲ್ಲ. ಹಾಗಾಗಿ ಎರಡು ತಾಸಿಗೊಮ್ಮೆ ಆರಿದ್ದನ್ನು ಅರ್ಧ ಬಟ್ಟಲು. ಎಲ್ಲಕ್ಕಿಂತ ಕೈಹಿಡಿದದ್ದು ಖಿಚಡಾ. ಗೋಧಿ, ಬೇಳೆ, ಮಾಂಸ ಬೆಂದು ಕರಗಿ ಒಂದಾದ ಅಡುಗೆ, ಹಲ್ಲಿಗೆ ಕೆಲಸವಿಲ್ಲ. ಮೆಣಸಿನಕಾಯಿ ಬಿಟ್ಟು ಅಮ್ಮಿ ಮಾಡಿದರು. ಬಾಣಂತಿಗೆ ಕೊಡುವ ಬಾದಾಮಿ, ರವೆ, ಹಾಲಿನ ಹರೀರಾ ಕೂಡ. ನಮ್ಮ ಅಜ್ಜಿಯರ ಅಡುಗೆಯಲ್ಲೇ ಉತ್ತರ ಇತ್ತು.

ಅದೇ ಏಪ್ರಿಲ್ 3ಕ್ಕೆ ರಮಝಾನ್ ಶುರುವಾಗಿತ್ತು. ಆಪಾ ರೋಜಾ ಬಿಡಲು ಒಪ್ಪಲಿಲ್ಲ. “ಅಲ್ಲಾಹ್ ಕೊಟ್ಟ ಕಾಯಿಲೆಗೆ ಅಲ್ಲಾಹ್‌ನ ರೋಜಾ ಬಿಡಲೇನು?” ಅಂದಳು. ಆಕೆಗೆ ಕೊಡುತ್ತಿದ್ದ ಸೈಕ್ಲೋಫಾಸ್ಫಮೈಡ್ ಎಂಬ ಔಷಧ ಮೂತ್ರಕೋಶವನ್ನು ಸುಡುತ್ತದೆ, ಅದಕ್ಕೇ ಹೆಚ್ಚು ನೀರು ಕುಡಿಯಬೇಕು. ರಾಯಚೂರಿನ ಬೇಸಿಗೆಯಲ್ಲಿ ನೀರಿಲ್ಲದ ಹಗಲು! ಕೊನೆಗೆ ಪರಿಚಯದ ಆಲಿಮರೊಬ್ಬರು ಬಂದು, ರೋಗಿಗೆ ವಿನಾಯಿತಿ ಕೊಟ್ಟದ್ದು ಕುರ್‌ಆನೇ, ಗುಣವಾದ ಮೇಲೆ ಹಿಡಿಯಬಹುದು, ಆಗದಿದ್ದರೆ ಫಿದಿಯಾ ಇದೆ ಎಂದು ತಿಳಿಸಿದರು. ಆಪಾ ಆ ರಾತ್ರಿ ಅತ್ತಳು, ಬೆಳಿಗ್ಗೆ ಎರಡು ಮೊಟ್ಟೆ ತಿಂದಳು.

ಮೇ ಕೊನೆಗೆ ರಾಯಚೂರಿನಲ್ಲಿ ನಲ್ಲಿಯ ಕಲುಷಿತ ನೀರು ಕುಡಿದು ಜನ ಸತ್ತರು, ನೂರಾರು ಮಂದಿ ಆಸ್ಪತ್ರೆ ಸೇರಿದರು. ಆಪಾ ಆಗ ನಮ್ಮಲ್ಲೇ ಇದ್ದಳು. ಸೂಜಿಯಾದ ಏಳರಿಂದ ಹದಿನಾಲ್ಕನೆಯ ದಿನದ ನಡುವೆ ಬಿಳಿಕಣಗಳು ತೀರ ಇಳಿದಿರುತ್ತವೆ, ಆಗ ಗಟ್ಟಿಮುಟ್ಟಾದವರಿಗೆ ಬರುವ ವಾಂತಿಭೇದಿ ಇವರ ಪ್ರಾಣಕ್ಕೇ ಬರಬಹುದು. ನೀರು ಮರಳುವ ತನಕ ಕಾಯಿಸುವುದು, ಹೊರಗೆ ಹೆಚ್ಚಿಟ್ಟ ಹಣ್ಣು, ಅರೆಬೆಂದ ಮೊಟ್ಟೆ ಬೇಡ ಎನ್ನುವುದು, ಇದು ನಿಜವಾದ ಪರ್ಹೇಜ್. ಜ್ವರ 100.4 ಡಿಗ್ರಿ ಮುಟ್ಟಿದರೆ ಕಷಾಯ ಕುದಿಸುತ್ತ ಕೂಡದೆ ನಡುರಾತ್ರಿಯಾದರೂ ಆಸ್ಪತ್ರೆಗೆ ಓಡಬೇಕು.

ಐದನೆಯ ಸುತ್ತಿನಿಂದ ಔಷಧ ಬದಲಾಯಿತು, ಜೊತೆಗೆ ಸ್ಟಿರಾಯ್ಡ್ ಗುಳಿಗೆ. ಆಪಾಳ ಮುಖ ಉಬ್ಬಿತು, ಹಸಿವೆ ಕೆರಳಿತು, ತೂಕ 56 ದಾಟಿತು. “ಮೈ ಕೈ ತುಂಬ್ಯಾವ, ರೋಗ ಹೋತು ಬಿಡವ್ವಾ” ಎಂದು ನೆರೆಯವರು ಸಂತೋಷಪಟ್ಟರು. ಸ್ತನ ಕ್ಯಾನ್ಸರಿನಲ್ಲಿ ಹೀಗೆ ತೂಕ ಏರುವುದು ಸಾಮಾನ್ಯ. ಅದು ಶಕ್ತಿಯಲ್ಲ, ಬಹುಪಾಲು ಕೊಬ್ಬು ಮತ್ತು ನೀರು. ಆಗ ಪರಾಠಾದ ತುಪ್ಪ ಇಳಿಯಿತು, ಸಂಜೆ ಅಂಗಳದಲ್ಲಿ ಅರ್ಧ ತಾಸು ನಡಿಗೆ ಬಂತು. ಮೊಟ್ಟೆ ಮಾತ್ರ ಹಾಗೇ ಉಳಿಯಿತು.

ಸರ್ಕಾರದ ಆರೋಗ್ಯ ಕಾರ್ಡು ಬಡವರ ಔಷಧದ ಖರ್ಚು ನೋಡಿಕೊಳ್ಳುತ್ತದೆ, ಹಾಲು ಮೊಟ್ಟೆಯ ಖರ್ಚನ್ನಲ್ಲ. ಆಸ್ಪತ್ರೆಯ ವರಾಂಡದಲ್ಲಿ ಬನ್ನು ಚಹಾದ ಮೇಲೆ ದಿನ ಕಳೆಯುವ ನಮ್ಮ ಜಿಲ್ಲೆಯ ಹೆಣ್ಣುಮಕ್ಕಳನ್ನು ನೋಡಿದ್ದೇವೆ. ರಮಝಾನಿನಲ್ಲಿ ಶಾವಿಗೆ, ಖರ್ಜೂರದ ಚೀಲ ಹಂಚುವ ನಮ್ಮ ಜಮಾತುಗಳು ಅಂಥ ಮನೆಗೆ ತಿಂಗಳಿಗೆ ಎರಡು ಟ್ರೇ ಮೊಟ್ಟೆ ಕಳಿಸಬಾರದೇಕೆ?

ಈಗ ಮಾನ್ವಿ, ದೇವದುರ್ಗದಿಂದ ಯಾರಾದರೂ ಆಪಾಳಿಗೆ ಫೋನು ಮಾಡಿ ಕಿಮೊ ಶುರುವಾಗಿದೆ, ಏನೇನು ಬಿಡಬೇಕು ಎಂದು ಕೇಳುತ್ತಾರೆ. ಆಪಾ ಮೊದಲು ಕೇಳುವುದು “ತೂಕ ಎಷ್ಟದ?” ಎಂದು. ಆಮೇಲೆ ಅತ್ತೆಯ ಕೈಗೆ ಫೋನು ಕೊಡಲು ಹೇಳುತ್ತಾಳೆ.