ಮನಸ್ಸಿಗೂ ಜ್ವರ ಬರುತ್ತದೆ

ಮಗುವಿಗೆ ಮೈ ಬಿಸಿಯಾದರೆ ಹಣೆ ಮುಟ್ಟಿ ನೋಡುತ್ತೇವೆ, ಕಷಾಯ ಕುದಿಸುತ್ತೇವೆ. ಮನಸ್ಸಿಗೇ ಜ್ವರ ಬಂದರೆ? "ಸುಮ್ನಿರೇ, ಎಲ್ಲರಿಗೂ ಇದ್ದದ್ದೇ" ಎಂದು ಬಾಯಿ ಮುಚ್ಚಿಸುತ್ತೇವೆ. ಹೌದೋ ಅಲ್ಲವೋ, ನೀವೇ ಹೇಳಿ.

ನಮ್ಮ ವಿಜಯನಗರದಿಂದ ಹೊಸೂರು ರಸ್ತೆಯ ನಿಮ್ಹಾನ್ಸ್‌ಗೆ ಒಂದು ಆಟೋ ಹಿಡಿದರೆ ಸಾಕು. ಆದರೂ ಆ ಹೆಸರೆತ್ತಿದರೆ ಮನೆಮಂದಿ ಬೆಚ್ಚುತ್ತಾರೆ. ಹಳೆಯ ಮಾನಸಿಕ ಆಸ್ಪತ್ರೆಯೂ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಸೇರಿ ನಿಮ್ಹಾನ್ಸ್ ಆದದ್ದು 1974ರಲ್ಲಿ. ಐವತ್ತು ವರ್ಷ ಕಳೆದರೂ ಕೆಲವರ ಬಾಯಲ್ಲಿ ಅದಿನ್ನೂ "ಹುಚ್ಚಾಸ್ಪತ್ರೆ"! ಯಾರಾದರೂ ನೋಡಿಬಿಟ್ಟರೆ ಎಂಬ ಸಂಕೋಚಕ್ಕೆ ಹತ್ತಿರದ ದಾರಿಯೂ ದೂರವಾಗುತ್ತದೆ.

ಈ ಸಂಕೋಚವನ್ನು ಫೋನು ಸ್ವಲ್ಪ ದಾಟಿಸಿದೆ. 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ "ಟೆಲಿ ಮಾನಸ್" ಆರಂಭಿಸಿತು. 14416ಕ್ಕೆ ಫೋನ್ ಮಾಡಿದರೆ ಹಗಲು ರಾತ್ರಿ ಎನ್ನದೆ, ಕಾಸು ಖರ್ಚಿಲ್ಲದೆ, ಕನ್ನಡದಲ್ಲೇ ಮಾತಾಡಬಹುದು. ಮೊದಲು ತರಬೇತಾದ ಆಪ್ತಸಮಾಲೋಚಕರು, ಬೇಕಿದ್ದರೆ ಮನೋವೈದ್ಯರು. ಇದರ ಹಿಂದೆ ಇರುವುದೂ ನಮ್ಮ ನಿಮ್ಹಾನ್ಸೇ.

ನಮ್ಮ ಬೀದಿಯ ಹುಡುಗಿಯೊಬ್ಬಳು ಬಾಣಂತನದಲ್ಲಿ ಮಗುವಿನ ಮುಖ ನೋಡಿದರೂ ಅಳುತ್ತಿದ್ದಳು. ಅತ್ತೆ ದೃಷ್ಟಿ ತೆಗೆದರು, ತಾಯಿ ಹರಕೆ ಹೊತ್ತರು. ಯಾರೂ ಕೆಟ್ಟವರಲ್ಲ, ಆದರೆ ಏನಾಗ್ತಿದೆ ಅಂತ ಅವಳನ್ನು ಯಾರೂ ಕೇಳಲಿಲ್ಲ. ಕೊನೆಗೆ ಬಟ್ಟೆ ಒಣಹಾಕುವ ನೆಪದಲ್ಲಿ ಮಹಡಿಗೆ ಹೋಗಿ ಈ ನಂಬರಿಗೆ ಫೋನ್ ಮಾಡಿದಳಂತೆ. "ಆಂಟಿ, ನನ್ನ ಮಾತು ಮುಗಿಯೋವರೆಗೂ ಅವರು ಕೇಳಿದ್ರು" ಎಂದಳು. ಆಮೇಲೆ ಡಾಕ್ಟರನ್ನೂ ಕಂಡಳು, ಚೇತರಿಸಿಕೊಂಡಳು.

ಹೆರಿಗೆಯಾದ ಹೊಸತರಲ್ಲಿ ಅಳು ಬರುವುದು ಸಹಜ. ಎರಡು ವಾರ ದಾಟಿಯೂ ನಿಲ್ಲದಿದ್ದರೆ ಸೊಕ್ಕು, ನಾಟಕ ಅನ್ನದೆ ವೈದ್ಯರಿಗೆ ತೋರಿಸಬೇಕು. ಸಾಯುವ ಮಾತಾಡಿದರಂತೂ ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಮುಂದೆ ಇನ್ನೂ ಏನೇನು ಬರುತ್ತದೋ! ಈಗಾಗಲೇ ಕೈಗಡಿಯಾರ ನಿದ್ದೆಯ ಲೆಕ್ಕ ಇಡುತ್ತದೆ, ಫೋನೇ ಸಮಾಧಾನ ಹೇಳುತ್ತದೆ. ನಾಳೆ ನಮ್ಮ ದನಿ ಕೇಳಿಯೇ ಮನಸ್ಸಿನ ಬೇಗೆಯನ್ನು ಯಂತ್ರ ಗುರುತಿಸೀತು. ಬರಲಿ, ಬೇಡ ಅನ್ನೋದಿಲ್ಲ. ಆದರೆ ನಮ್ಮ ಗುಟ್ಟು ಯಾರ ಕೈ ಸೇರುತ್ತದೆ ಎಂದು ಮೊದಲೇ ಕೇಳಿ ತಿಳಿಯೋಣ. ಯಂತ್ರ ಕಾಯಿಲೆ ಗುರುತಿಸಿದ ಮೇಲೂ, ಮಗುವನ್ನು ಎತ್ತಿಕೊಂಡು "ನೀನೊಂದು ಗಂಟೆ ಮಲಗಮ್ಮ" ಅನ್ನುವವರು ಮನೆಯಲ್ಲಿ ಬೇಕಲ್ಲ!

ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗ್ಯಾಸಿನ ನಂಬರಿನ ಪಕ್ಕ 14416 ಅನ್ನೂ ಬರೆದಿಡಿ. ಮಗಳ, ಸೊಸೆಯ ಕಣ್ಣಿಗೆ ಬೀಳಲಿ. ಈ ಮನೆಯಲ್ಲಿ ಇಂಥ ಮಾತು ಆಡಬಹುದು ಎಂದು ಅವರಿಗೆ ಗೊತ್ತಾಗಲಿ.